ಸ್ಪಾಲ್ಡಿಂಗ್ ಸೋದರರ ಪಣ್ಯಶಾಲೆ

1876ನೆಯ ಇಸವಿಯ ಆದಿಭಾಗದಲ್ಲಿ, ಮಹಾಗ್ನಿಗೆ ಸಿಲುಕಿ ಬೂದಿಯಾಗಿ ಇನ್ನೂ ಐದು ವರ್ಷ ತುಂಬದೆ ಇದ್ದ, ಆದರೂ ಮೊದಲಿಗಿಂತ ಎತ್ತರವಾಗಿ ಮೇಲೇಳುತ್ತಿದ್ದ ಷಿಕಾಗೋ ನಗರದ ರಾಂಡಾಲ್ಫ್ ಬೀದಿಯಲ್ಲಿ, ಸ್ಪಾಲ್ಡಿಂಗ್ ಮನೆತನದ ಅಣ್ಣತಮ್ಮಂದಿರಿಬ್ಬರು 800 ಡಾಲರುಗಳ ಬಂಡವಾಳ ಹೂಡಿ ಒಂದು ಅಂಗಡಿಯನ್ನು ತೆರೆದರು. ಅಣ್ಣನಾದ ಆಲ್ಬರ್ಟ್ ಗುಡ್‌ವಿಲ್ ಸ್ಪಾಲ್ಡಿಂಗ್ ಆ ಕಾಲಕ್ಕೆ ಅಮೆರಿಕಾ ದೇಶದ ಬೇಸ್‌ಬಾಲ್ ಬಯಲುಗಳಲ್ಲೆಲ್ಲ ಹೆಸರಾಗಿದ್ದ ಪಿಚರ್, ಎಂದರೆ ದಾಂಡಿಗನಿಗೆ ಚೆಂಡೆಸೆಯುವ ಆಟಗಾರ. ತಮ್ಮನಾದ ಜೇಮ್ಸ್ ವಾಲ್ಟರ್ ಇಪ್ಪತ್ತರ ಹರೆಯದ ತರುಣ. ಧಾನ್ಯ, ಮಾಂಸ, ಮರಮುಟ್ಟುಗಳ ವ್ಯಾಪಾರದಿಂದ ಬೆಳೆದಿದ್ದ ಆ ಪಟ್ಟಣದಲ್ಲಿ ದಾಂಡು ಚೆಂಡುಗಳನ್ನು ಮಾರಿಯೇ ಜೀವನ ಸಾಗಿಸಬಹುದೆಂಬ ಧೈರ್ಯ ಎಲ್ಲರಿಗೂ ಬರತಕ್ಕದ್ದಾಗಿರಲಿಲ್ಲ. ಈ ಸೋದರರಿಗೆ ಅದು ಬಂದಿತು. ಮೊದಲ ವರ್ಷದ ಲೆಕ್ಕವನ್ನು ಮುಗಿಸುವಾಗಲೇ ಹೂಡಿದ ಹಣಕ್ಕಿಂತ ಹೆಚ್ಚಿನ ಲಾಭ ಕೈಸೇರಿತು. ಮುಂದಣ ಮೂರು ದಶಕಗಳಲ್ಲಿ ಆ ಒಂದು ಅಂಗಡಿಯ ಶಾಖೆಗಳು ಅಟ್ಲಾಂಟಿಕ್ ತೀರದಿಂದ ಪೆಸಿಫಿಕ್ ತೀರದವರೆಗೆ ಹಬ್ಬಿ, ಸಾಗರವನ್ನೂ ದಾಟಿದವು.

ಕ್ರೀಡಾಸಾಮಗ್ರಿಯ ಸರಣಿ ಅಂಗಡಿಗಳು ಇಂದು ಲೋಕದ ದೊಡ್ಡ ನಗರಗಳಲ್ಲೆಲ್ಲ ಕಣ್ಣಿಗೆ ಬೀಳುತ್ತವೆ. ಅವುಗಳ ಪೂರ್ವಚರಿತ್ರೆಯನ್ನು ಅರಸಿ ಹೊರಟವನು ಸ್ಪಾಲ್ಡಿಂಗ್ ಸೋದರರ ಬಳಿ ಬಹಳ ಹೊತ್ತು ನಿಲ್ಲಲೇಬೇಕಾಗುತ್ತದೆ. ಧನಾರ್ಜನೆಯ ವೃತ್ತಾಂತವಾಗಿ ಮಾತ್ರ ಇದನ್ನು ಓದಿ ಮುಗಿಸಬಹುದು. ಅಂಥ ವೃತ್ತಾಂತಗಳು ಅಮೆರಿಕಾದಲ್ಲಿ ಹೇರಳವಾಗಿವೆ. ಆದರೆ ಆಟವು ನ್ಯಾಯವಾಗಿ ನಡೆಯಬೇಕಾದರೆ ಆಟದ ಉಪಕರಣ ಎಲ್ಲರಿಗೂ ಸಮನಾಗಿರಬೇಕೆಂಬುದನ್ನು ಕಂಡುಕೊಂಡು, ಆ ಸಮತೆಯನ್ನು ಊರೂರಿಗೆ ಮುಟ್ಟಿಸಿದವನು ಒಬ್ಬ ವರ್ತಕ ಎಂಬುದೂ, ಅದೇ ವರ್ತಕನ ಕೈಯಲ್ಲಿ ಉಪಕರಣದ ಜೊತೆಗೆ ಆಟದ ನಿಯಮ, ಆಟಗಾರರ ವೃತ್ತಿ, ಕೊನೆಗೆ ಆಟದ ಚರಿತ್ರೆ ಇವೆಲ್ಲವೂ ಸೇರಿಕೊಂಡಾಗ ಏನಾಯಿತೆಂಬುದೂ ನಮ್ಮ ವಿಚಾರಕ್ಕೆ ಯೋಗ್ಯವಾದ ವಿಷಯಗಳು. ಈ ಎರಡನ್ನೂ ಒಟ್ಟಿಗೆ ನೋಡಿದವನಿಗೇ ಈ ಪಣ್ಯಶಾಲೆಯ ಹಿರಿಮೆಯೂ ಅದರ ದೋಷವೂ ತಿಳಿಯತಕ್ಕವು.

ಬೇಸ್‌ಬಾಲಿನ ಬಾಲ್ಯಾವಸ್ಥೆಯಲ್ಲಿ ಚೆಂಡೆಂಬುದು ಮನೆಯಲ್ಲಿ ಹುಟ್ಟಿದ ವಸ್ತುವಾಗಿತ್ತು. ಹಳೆಯ ರಬ್ಬರಿನ ತುಂಡೊಂದನ್ನು ಗರ್ಭದಲ್ಲಿರಿಸಿ, ಉಣ್ಣೆಯ ನೂಲನ್ನು ಸುತ್ತಿ, ಊರ ಮೋಚಿಯಿಂದ ಚರ್ಮ ಹೊಲಿಸಿದರೆ ಚೆಂಡು ಸಿದ್ಧವಾಗುತ್ತಿತ್ತು. ರಬ್ಬರು ಹೆಚ್ಚಾದ ಚೆಂಡು ನೆಗೆದು ಹಾರುವುದು, ಕಡಿಮೆಯಾದ ಚೆಂಡು ನೆಲಕಚ್ಚುವುದು. ಪಂಥವನ್ನು ಎಸೆದ ತಂಡವೇ ಚೆಂಡನ್ನು ತರತಕ್ಕದ್ದೆಂಬ ರೂಢಿಯಿದ್ದುದರಿಂದ, ತನಗೆ ಅನುಕೂಲವಾದ ಚೆಂಡನ್ನು ತಂದವನು ಆಟದ ಅರ್ಧ ಜಯವನ್ನು ಚೀಲದಲ್ಲಿಯೇ ಹೊತ್ತು ತಂದಂತಾಗುತ್ತಿತ್ತು. ಒಂದೇ ಊರಿನ ಗೆಳೆಯರು ಸಂಜೆಯ ಹೊತ್ತು ಕೂಡಿ ಆಡುವಷ್ಟು ಕಾಲ ಇದರಿಂದ ದೊಡ್ಡ ಬಾಧೆಯಿರಲಿಲ್ಲ. ಅಂತರ್ಯುದ್ಧ ಮುಗಿದು, ರೈಲುದಾರಿಗಳು ಊರಿಗೂ ಊರಿಗೂ ನಂಟು ಬೆಸೆದು, ಬಾಸ್ಟನ್ನಿನ ತಂಡ ಷಿಕಾಗೋವಿಗೂ ವಾಷಿಂಗ್‌ಟನ್ನಿನ ತಂಡ ಇಲಿನಾಯ್ ಸೀಮೆಗೂ ಬಂದು ಆಡತೊಡಗಿದ ಮೇಲೆ, ಇಬ್ಬರಿಗೂ ಒಪ್ಪಿತವಾದ ಒಂದು ಅಳತೆ ಅವಶ್ಯವಾಯಿತು. 1872ರ ಹೊತ್ತಿಗೆ ಚೆಂಡಿನ ತೂಕ 5ರಿಂದ 5¼ ಔನ್ಸು, ಸುತ್ತಳತೆ 9ರಿಂದ 9¼ ಅಂಗುಲ ಎಂದು ನಿಶ್ಚಯವಾಯಿತು. ಇಂದಿಗೂ ಅದೇ ಅಳತೆ ನಡೆದು ಬಂದಿದೆ. ಕಾಗದದ ಮೇಲೆ ಬರೆದ ಈ ಅಳತೆಯನ್ನು ಸಾವಿರಾರು ಚೆಂಡುಗಳಲ್ಲಿ ತಪ್ಪದೆ ತರುವವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿದಿತ್ತು.

ಆ ಪ್ರಶ್ನೆಗೆ ಉತ್ತರ ಕೊಡತಕ್ಕವನು ಹುಟ್ಟಿದುದು 1849ರಲ್ಲಿ, ಇಲಿನಾಯ್ ಸಂಸ್ಥಾನದ ಬೈರನ್ ಎಂಬ ಹಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಆಲ್ಬರ್ಟನನ್ನು ವಿದ್ಯಾಭ್ಯಾಸಕ್ಕಾಗಿ ರಾಕ್‌ಫರ್ಡ್ ಪಟ್ಟಣಕ್ಕೆ ಕಳುಹಿಸಿದರು. ಅಲ್ಲಿ ಪರಿಚಿತರಿಲ್ಲದೆ, ಬಾಯಿಬಿಟ್ಟು ಮಾತನಾಡಲು ಸಂಕೋಚಪಡುತ್ತ, ಮನೆಯ ಹಂಬಲದಿಂದ ಕೊರಗುತ್ತಿದ್ದ ಆ ಹುಡುಗ ಸಂಜೆಯ ವೇಳೆ ಬಯಲಿನ ಅಂಚಿನಲ್ಲಿ ಕುಳಿತು ಇತರ ಹುಡುಗರ ಆಟವನ್ನು ನೋಡುತ್ತಿದ್ದನು. ಒಂದು ದಿನ ದಾಂಡಿನಿಂದ ಚಿಮ್ಮಿದ ಚೆಂಡು ಎಲ್ಲರನ್ನೂ ಮೀರಿ ನೇರವಾಗಿ ತಾನು ಕುಳಿತಲ್ಲಿಗೇ ಹಾರಿ ಬಂದಿತೆಂದೂ, ತಾನು ಅರಿಯದೆಯೇ ಕೈಚಾಚಿ ಅದನ್ನು ಹಿಡಿದು ಗುರಿತಪ್ಪದಂತೆ ಹಿಂದಕ್ಕೆಸೆದೆನೆಂದೂ, ಅಂದಿನಿಂದ ಆ ಹುಡುಗರು ತನ್ನನ್ನು ಆಟಕ್ಕೆ ಸೇರಿಸಿಕೊಂಡರೆಂದೂ ಆತನು ಮುಪ್ಪಿನಲ್ಲಿ ಬರೆದಿಟ್ಟಿದ್ದಾನೆ. ಒಂಟಿತನದಿಂದ ಬಳಲುತ್ತಿದ್ದ ಬಾಲಕನಿಗೆ ಆಟವೇ ಬಂಧುವರ್ಗವನ್ನು ಒದಗಿಸಿಕೊಟ್ಟಿತು. ಆತನ ಮುಂದಿನ ಉದ್ಯಮಗಳಲ್ಲಿ ಎಷ್ಟೇ ಲಾಭದೃಷ್ಟಿಯಿದ್ದರೂ, ಆಟದಿಂದ ಮನುಷ್ಯನಿಗೆ ಹಿತವಾಗುತ್ತದೆಂಬ ಆತನ ನಂಬಿಕೆಯಲ್ಲಿ ಕಪಟವಿರಲಿಲ್ಲವೆಂದು ನಾನು ತಿಳಿಯುವುದು ಈ ಕಾರಣದಿಂದ.

1867ರಲ್ಲಿ, ದೇಶದ ಅತಿಪ್ರಬಲ ತಂಡಗಳಲ್ಲೊಂದೆಂದು ಹೆಸರಾಂತ ವಾಷಿಂಗ್‌ಟನ್ ನ್ಯಾಷನಲ್ಸ್ ತಂಡವು ಪಶ್ಚಿಮದ ಪ್ರವಾಸಕ್ಕೆ ಬಂದಾಗ, ಹದಿನೇಳು ವರ್ಷದ ಸ್ಪಾಲ್ಡಿಂಗ್ ಚೆಂಡೆಸೆದ ರಾಕ್‌ಫರ್ಡಿನ ತಂಡ ಅದನ್ನು 29-23ರಿಂದ ಸೋಲಿಸಿತು. ಕೂಡಲೇ ಷಿಕಾಗೋವಿನಿಂದ ಕರೆ ಬಂದಿತು. ಹಣ ಪಡೆದು ಆಡುವುದು ಆಗಿನ ಕಟ್ಟಳೆಗೆ ವಿರುದ್ಧವಾಗಿದ್ದುದರಿಂದ, ಸಗಟು ದಿನಸಿ ಅಂಗಡಿಯೊಂದರಲ್ಲಿ ಗುಮಾಸ್ತನ ಕೆಲಸವೆಂಬ ನೆಪದಲ್ಲಿ ವಾರಕ್ಕೆ 40 ಡಾಲರುಗಳ ಸಂಬಳ ಗೊತ್ತಾಯಿತು. ನಿಜವಾದ ಕೆಲಸ ಚೆಂಡೆಸೆಯುವುದು. ಆ ಅಂಗಡಿ ಬೇಗನೆ ಮುಳುಗಿತು. ತರುವಾಯ 1871ರಿಂದ 1875ರವರೆಗೆ ಬಾಸ್ಟನ್ ತಂಡದಲ್ಲಿ ಹ್ಯಾರಿ ರೈಟನ ನಾಯಕತ್ವದಲ್ಲಿ ಬಹಿರಂಗವಾಗಿ ವೃತ್ತಿಯ ಆಟಗಾರನಾಗಿ ಆಡಿ, ಕಡೆಯ ನಾಲ್ಕು ವರ್ಷವೂ ತಂಡಕ್ಕೆ ಪ್ರಥಮ ಸ್ಥಾನವನ್ನು ತಂದುಕೊಟ್ಟನು. 1874ರಲ್ಲಿ ಆ ತಂಡವೂ ಫಿಲಡೆಲ್ಫಿಯಾದ ತಂಡವೂ ಕೂಡಿ ಇಂಗ್ಲೆಂಡಿಗೆ ಹೋದಾಗ, ಮುಂದಾಗಿ ತೆರಳಿ ವ್ಯವಸ್ಥೆ ಮಾಡಿದವನೂ ಈತನೇ. ಅಲ್ಲಿ ಅವರು ಲಾರ್ಡ್ಸ್ ಬಯಲಿನಲ್ಲಿ ಕ್ರಿಕೆಟ್ಟನ್ನೂ ಆಡಿದರು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಲಿಲ್ಲಿವೈಟ್ ಎಂಬ ಕ್ರಿಕೆಟಿಗರ ಮನೆತನದ ಹೆಸರಿನ ಅಂಗಡಿ ಲಂಡನ್ನಿನ ಹೇಮಾರ್ಕೆಟ್ಟಿನಲ್ಲಿ 1863ರಿಂದಲೇ ನಡೆಯುತ್ತಿದ್ದಿತು. ಸ್ವದೇಶದಲ್ಲಿಯೂ ಬಾಸ್ಟನ್ನಿನ ಜೊತೆಗಾರ ಜಾರ್ಜ್ ರೈಟ್, ಫಿಲಡೆಲ್ಫಿಯಾದ ಆಲ್ ರೀಚ್ ಮೊದಲಾದ ಆಟಗಾರರು ಈ ವ್ಯಾಪಾರಕ್ಕೆ ಕೈಹಾಕಿದ್ದರು. ಆಟ ನಿಂತ ಮೇಲೆ ಆಟಗಾರನಿಗೆ ಆಧಾರವಾಗಬಲ್ಲ ವೃತ್ತಿ ಇದೆಂಬುದು ಆಗಲೇ ಕೆಲವರಿಗೆ ಹೊಳೆದಿತ್ತು. ಸ್ಪಾಲ್ಡಿಂಗನಿಗೆ ಹೊಳೆದುದು ಅದಕ್ಕಿಂತ ವಿಸ್ತಾರವಾದ ಸಂಗತಿ.

1876ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಹೋಟಲಿನಲ್ಲಿ ಷಿಕಾಗೋವಿನ ವಿಲಿಯಂ ಹಲ್ಬರ್ಟನ ಮುಂದಾಳುತನದಲ್ಲಿ ನ್ಯಾಷನಲ್ ಲೀಗ್ ಎಂಬ ಒಕ್ಕೂಟ ಸ್ಥಾಪಿತವಾಯಿತು. ಜೂಜುಕೋರರ ಹಾವಳಿಯಿಂದಲೂ ತಂಡಗಳ ಮಾತುತಪ್ಪುವಿಕೆಯಿಂದಲೂ ಕೆಟ್ಟಿದ್ದ ಆಟಕ್ಕೆ ಶಿಸ್ತನ್ನು ತರುವುದು ಅದರ ಉದ್ದೇಶ. ಅದರ ಕಟ್ಟಳೆಗಳನ್ನು ರಚಿಸುವುದರಲ್ಲಿ ಹಲ್ಬರ್ಟನಿಗೆ ಬಲಗೈಯಾಗಿದ್ದವನು ಬಾಸ್ಟನ್ನಿನಿಂದ ಷಿಕಾಗೋವಿಗೆ ಬಂದು ಸೇರಿದ್ದ ಸ್ಪಾಲ್ಡಿಂಗ್. ಲೀಗು ಹುಟ್ಟಿದ ಹೊತ್ತಿನಲ್ಲಿಯೇ ಅಂಗಡಿಯೂ ಹುಟ್ಟಿತು. ಹಗಲು ಬಯಲಿನಲ್ಲಿ ಆತನು ಆ ವರ್ಷ 47 ಪಂದ್ಯಗಳನ್ನು ಗೆದ್ದು ಷಿಕಾಗೋ ತಂಡವನ್ನು ಲೀಗಿನ ಪ್ರಥಮ ವಿಜೇತ ತಂಡವನ್ನಾಗಿ ಮಾಡಿದನು. ಆ ಗೆಲುವುಗಳ ಕೀರ್ತಿ ಅಂಗಡಿಯ ಬಾಗಿಲಿಗೆ ಗಿರಾಕಿಗಳನ್ನು ಕರೆತಂದಿತು. ಕೆಲವೇ ವರ್ಷಗಳಲ್ಲಿ ಸ್ಪಾಲ್ಡಿಂಗ್ ಚೆಂಡೇ ಲೀಗಿನ ಅಧಿಕೃತ ಚೆಂಡಾಯಿತು. ಈ ಪದವಿಗಾಗಿ ಆತನು ಲೀಗಿಗೇ ಡಜನ್ ಚೆಂಡಿಗೆ ಒಂದು ಡಾಲರಿನಂತೆ ಸಲ್ಲಿಸುತ್ತಿದ್ದನೆಂಬುದನ್ನು ಗಮನಿಸಬೇಕು. ಲೀಗಿನ ಪಂದ್ಯಗಳಿಗೆ ಬೇಕಾಗುತ್ತಿದ್ದ ಚೆಂಡುಗಳ ಸಂಖ್ಯೆ ಅಲ್ಪ. ಆದರೆ ಲೀಗು ಆಡುವ ಚೆಂಡಿನಿಂದಲೇ ತಾವೂ ಆಡಬೇಕೆಂದು ಆಸೆಪಡುವ ಹುಡುಗರು ದೇಶದಲ್ಲಿ ಲಕ್ಷಾಂತರ. ಬೆಲೆ ತೆತ್ತು ಗೌರವವನ್ನು ಪಡೆದು, ಆ ಗೌರವವನ್ನು ಚಿಲ್ಲರೆಯಾಗಿ ಮಾರುವ ಈ ಉಪಾಯವನ್ನು ಇಂದಿನ ಕ್ರೀಡಾವಾಣಿಜ್ಯವೆಲ್ಲ ಅನುಸರಿಸುತ್ತಿದೆ.

ಚೆಂಡಿನ ಜೊತೆಗೆ ಪುಸ್ತಕವೂ ಬಂದಿತು. ಸ್ಪಾಲ್ಡಿಂಗ್ ಅಧಿಕೃತ ಬೇಸ್‌ಬಾಲ್ ಕೈಪಿಡಿ ಎಂಬ ವಾರ್ಷಿಕ ಪ್ರಕಟಣೆ 1870ರ ದಶಕದ ಕಡೆಯಲ್ಲಿ ಆರಂಭವಾಗಿ, ನಿಯಮಗಳು, ಹಿಂದಿನ ವರ್ಷದ ಅಂಕಿ ಅಂಶಗಳು, ಆಟಗಾರರ ಸಾಧನೆಗಳು, ಇವೆಲ್ಲದರೊಡನೆ ಅಂಗಡಿಯ ಬೆಲೆಪಟ್ಟಿಯನ್ನೂ ಹೊತ್ತು ಮನೆಮನೆಗೆ ಹೋಯಿತು. 1880ರ ದಶಕದ ಆದಿಯಿಂದ 1908ರಲ್ಲಿ ತನ್ನ ಅಂತ್ಯಕಾಲದವರೆಗೆ ಇದನ್ನು ಸಂಪಾದಿಸಿದವನು, ಆಂಗ್ಲ ದೇಶದಲ್ಲಿ ಹುಟ್ಟಿ ಅಮೆರಿಕಾದಲ್ಲಿ ಬೇಸ್‌ಬಾಲ್ ಬರಹದ ಪಿತಾಮಹನೆನಿಸಿದ ಹೆನ್ರಿ ಚ್ಯಾಡ್‌ವಿಕ್. ಮುಂದೆ ಇದೇ ಮಾದರಿಯಲ್ಲಿ ಈಜು, ಕುಸ್ತಿ, ಓಟ, ಟೆನ್ನಿಸ್, ಫುಟ್‌ಬಾಲ್ ಮೊದಲಾದ ನಾನಾ ವಿದ್ಯೆಗಳ ಕಿರುಹೊತ್ತಗೆಗಳು ಸ್ಪಾಲ್ಡಿಂಗ್ ಕ್ರೀಡಾಗ್ರಂಥಮಾಲೆ ಎಂಬ ಹೆಸರಿನಲ್ಲಿ ಹೊರಟವು. ಗುರುವಿಲ್ಲದ ದೂರದ ಊರಿನ ಬಾಲಕನೊಬ್ಬನು ಕೆಲವು ಸೆಂಟುಗಳನ್ನು ತೆತ್ತು ಒಂದು ಹೊತ್ತಗೆಯನ್ನು ತರಿಸಿಕೊಂಡು, ಚಿತ್ರಗಳನ್ನು ನೋಡುತ್ತ ತಾನೇ ಕೈಕಾಲುಗಳನ್ನು ತಿದ್ದಿಕೊಳ್ಳಬಹುದಾಗಿತ್ತು. ವಿದ್ಯಾಪ್ರಸಾರದ ಕಾರ್ಯವಾಗಿ ಇದು ಸಣ್ಣದಲ್ಲ.

ಕೈಗವಸಿನ ಕಥೆಯನ್ನು ಇಲ್ಲಿ ಹೇಳದಿರಲಾಗದು. ಆ ಕಾಲದಲ್ಲಿ ಕಲ್ಲಿನಂತೆ ಗಟ್ಟಿಯಾದ ಚೆಂಡನ್ನು ಬರಿಗೈಯಿಂದಲೇ ಹಿಡಿಯಬೇಕು; ಬೆರಳು ಮುರಿದು ಸೊಟ್ಟಗಾಗುವುದೇ ವೃತ್ತಿಯ ಲಾಂಛನ. 1875ರಲ್ಲಿ ಚಾರ್ಲ್ಸ್ ವೇಟ್ ಎಂಬ ಆಟಗಾರನು ಕೈಗೆ ಚರ್ಮದ ತೆಳುಗವಸನ್ನು ತೊಟ್ಟು ನಿಂತುದನ್ನು ಸ್ಪಾಲ್ಡಿಂಗ್ ಕಂಡನು. ಗವಸು ಮೈಬಣ್ಣದ್ದಾಗಿತ್ತು; ಕಾರಣವನ್ನು ಕೇಳಿದಾಗ, ತೊಡುವುದಕ್ಕೆ ತನಗೆ ನಾಚಿಕೆಯೆಂದೂ, ಜನರ ಕಣ್ಣಿಗೆ ಬೀಳದಿರಲೆಂದೇ ಆ ಬಣ್ಣವನ್ನು ಆರಿಸಿದೆನೆಂದೂ ವೇಟ್ ಒಪ್ಪಿಕೊಂಡನು. ಎರಡು ವರ್ಷಗಳ ಬಳಿಕ, ಚೆಂಡೆಸೆಯುವುದನ್ನು ಬಿಟ್ಟು ಮೊದಲನೆಯ ಬೇಸಿನ ಕಾವಲಿಗೆ ಬಂದ ಸ್ಪಾಲ್ಡಿಂಗ್ ತಾನೂ ಗವಸನ್ನು ತೊಟ್ಟನು. ಆದರೆ ಎಲ್ಲರ ಕಣ್ಣಿಗೂ ಬೀಳುವಂತೆ ಕಪ್ಪು ಚರ್ಮದ್ದನ್ನು ಆರಿಸಿಕೊಂಡನು. ಅಷ್ಟು ಹೆಸರಾದ ಆಟಗಾರ ತೊಟ್ಟನೆಂದ ಮೇಲೆ ಯಾರೂ ಗೇಲಿ ಮಾಡಲಿಲ್ಲ. ತೊಟ್ಟ ಗವಸು ಆತನ ಅಂಗಡಿಯಲ್ಲಿಯೇ ದೊರೆಯುತ್ತಿತ್ತು. ವ್ಯಾಪಾರಬುದ್ಧಿಯೂ ಉಪಕಾರವೂ ಇಲ್ಲಿ ಒಂದೇ ಕ್ರಿಯೆಯಲ್ಲಿ ಕೂಡಿಕೊಂಡಿವೆ. ಆತನು ಹಣ ಗಳಿಸಿದುದು ದಿಟ. ಸಾವಿರಾರು ಆಟಗಾರರ ಬೆರಳುಗಳು ಉಳಿದುದೂ ಅಷ್ಟೇ ದಿಟ.

ಅಂಗಡಿಯನ್ನು ತುಂಬುವ ಸರಕನ್ನು ಪರರಿಂದ ಕೊಳ್ಳುವುದಕ್ಕಿಂತ ತಾವೇ ತಯಾರಿಸುವುದು ಮೇಲೆಂದು ಸೋದರರು ಬೇಗನೆ ಕಂಡುಕೊಂಡರು. ಭಾವಮೈದುನನಾದ ವಿಲಿಯಂ ಬ್ರೌನನೂ ಪಾಲುಗಾರನಾದನು. ಮಿಷಿಗನ್ ಸೀಮೆಯ ಹೇಸ್ಟಿಂಗ್ಸ್ ಊರಿನಲ್ಲಿ ದಾಂಡುಗಳ ಕಾರ್ಖಾನೆ, ಮ್ಯಾಸಚೂಸೆಟ್ಸಿನ ಚಿಕೊಪೀಯಲ್ಲಿ ಮತ್ತೊಂದು ದೊಡ್ಡ ಕಾರ್ಖಾನೆ, ಹೀಗೆ ಉತ್ಪಾದನೆ ಬೆಳೆಯಿತು. ಆದರೆ ಚೆಂಡಿನ ವಿಷಯದಲ್ಲಿ ಯಂತ್ರಕ್ಕೆ ಒಂದು ಮೇರೆಯಿತ್ತು. ರಬ್ಬರಿನ ಗರ್ಭವನ್ನು ಉಣ್ಣೆಯ ನೂಲಿನಿಂದ ಬಿಗಿಯಾಗಿ ಸುತ್ತಿ, ಎಂಟರ ಅಂಕದಂತೆ ಕತ್ತರಿಸಿದ ಕುದುರೆಯ ಚರ್ಮದ ಎರಡು ತುಂಡುಗಳನ್ನು ಒದ್ದೆಯಾಗಿರುವಾಗಲೇ ಮೇಲೆ ಹೊದಿಸಿ, ಎರಡು ಸೂಜಿಗಳನ್ನು ಎರಡು ಕೈಗಳಲ್ಲಿ ಹಿಡಿದು ಅಂಚಿಗೆ ಅಂಚನ್ನು ಹೊಲಿಯಬೇಕು. ಕಡೆಯ ಗಂಟು ಹೊರಗೆ ಕಾಣದಂತೆ ಒಳಗೆ ಅಡಗಬೇಕು. ಈ ಹೊಲಿಗೆಯನ್ನು ಮನುಷ್ಯನ ಕೈಯಷ್ಟು ಚೆನ್ನಾಗಿ ಹಾಕಬಲ್ಲ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಲೀಗಿನ ಅಧಿಕೃತ ಚೆಂಡಿಗೆ ಒಂದೂಕಾಲು ಡಾಲರು ಬೆಲೆಯಿದ್ದ ಕಾಲದಲ್ಲಿ, ಅದೇ ಬೆಲೆಪಟ್ಟಿಯ ಕೆಳತುದಿಯಲ್ಲಿ ಐದು ಸೆಂಟುಗಳಿಗೆ ಸಿಗುವ ಬಾಲಕರ ಚೆಂಡೂ ಇದ್ದಿತು. ಬಡವರ ಮನೆಯ ಮಗನೂ ಆ ಹೆಸರನ್ನು ಅಂಗೈಯಲ್ಲಿ ಹಿಡಿಯಬಹುದಾಗಿತ್ತು.

1885ರ ಹೊತ್ತಿಗೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 241ನೆಯ ಸಂಖ್ಯೆಯ ಕಟ್ಟಡದಲ್ಲಿ ಶಾಖೆ ತೆರೆಯಿತು. ಷಿಕಾಗೋವಿನ ಅಂಗಡಿ ಮ್ಯಾಡಿಸನ್ ಬೀದಿಗೆ ಬಂದಿತ್ತು. ಆ ಕಾಲದ ಕೈಪಿಡಿಗಳ ಮುಖಪುಟದಲ್ಲಿ ಈ ಎರಡು ವಿಳಾಸಗಳು ಮಾತ್ರ ಕಾಣುತ್ತವೆ. ಇಪ್ಪತ್ತನೆಯ ಶತಮಾನದ ಆದಿಯ ಹೊತ್ತಗೆಗಳನ್ನು ತೆರೆದರೆ, ಫಿಲಡೆಲ್ಫಿಯಾ, ಬಾಸ್ಟನ್, ಬಫೆಲೋ, ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಸೇಂಟ್ ಲೂಯಿ, ಡೆನ್ವರ್, ನ್ಯೂ ಆರ್ಲಿಯನ್ಸ್, ಸ್ಯಾನ್ ಫ್ರಾನ್ಸಿಸ್ಕೋ ಎಂದು ದೇಶದ ಭೂಪಟವೇ ಪುಟದ ಮೇಲೆ ಇಳಿದು, ಮಾಂಟ್ರಿಯಲ್, ಲಂಡನ್, ಬರ್ಮಿಂಗ್‌ಹ್ಯಾಂ, ಎಡಿನ್‌ಬರೋ, ಸಿಡ್ನಿ ಎಂದು ಪರದೇಶಗಳೂ ಸೇರಿಕೊಳ್ಳುತ್ತವೆ. ಈ ವಿಸ್ತಾರದ ಜೊತೆಜೊತೆಗೇ ಪ್ರತಿಸ್ಪರ್ಧಿಗಳನ್ನು ಕೊಂಡು ಸೇರಿಸಿಕೊಳ್ಳುವ ಕಾರ್ಯವೂ ನಡೆಯಿತು. 1889ರಲ್ಲಿ ಫಿಲಡೆಲ್ಫಿಯಾದ ರೀಚ್ ಸಂಸ್ಥೆ, ಅನಂತರ ಬಾಸ್ಟನ್ನಿನ ರೈಟ್ ಮತ್ತು ಡಿಟ್ಸನ್, 1894ರಲ್ಲಿ ನ್ಯೂಯಾರ್ಕಿನ ಪೆಕ್ ಮತ್ತು ಸ್ನೈಡರ್ ಇವೆಲ್ಲ ಸ್ಪಾಲ್ಡಿಂಗರ ಅಧೀನಕ್ಕೆ ಬಂದವು. ಹೆಸರುಗಳನ್ನು ಮಾತ್ರ ಅಳಿಸಲಿಲ್ಲ. 1901ರಲ್ಲಿ ಅಮೆರಿಕನ್ ಲೀಗ್ ಎಂಬ ಎದುರಾಳಿ ಒಕ್ಕೂಟ ತಲೆಯೆತ್ತಿ ರೀಚ್ ಚೆಂಡನ್ನು ತನ್ನದಾಗಿಸಿಕೊಂಡಾಗ, ಒಂದು ಲೀಗಿನ ಚೆಂಡಿಗೆ ಕೆಂಪು ಕಪ್ಪು ದಾರ, ಇನ್ನೊಂದಕ್ಕೆ ಕೆಂಪು ನೀಲಿ ದಾರ ಎಂಬಷ್ಟೇ ಹೊರಗಣ ಭೇದ ಉಳಿದು, ಎರಡರ ಲಾಭವೂ ಒಂದೇ ಮನೆಗೆ ಹರಿಯಿತು.

1899ರಲ್ಲಿ ಸಂಸ್ಥೆಯು ಘೋಷಿಸಿದ ಮಾರಾಟದ ನೀತಿಯೂ ಉಲ್ಲೇಖಾರ್ಹವಾದದ್ದು. ಅಲ್ಲಿಯವರೆಗೆ ಸಗಟು ವ್ಯಾಪಾರಿಗಳ ಕೈಯಿಂದ ಕೈಗೆ ಹೋಗುತ್ತ ಸರಕಿನ ಬೆಲೆ ಏರಿಳಿಯುತ್ತಿತ್ತು. ಬೆಲೆ ಇಳಿಸುವ ಪೈಪೋಟಿಯಲ್ಲಿ ಗುಣವೂ ಇಳಿಯುತ್ತಿತ್ತು. ಇನ್ನು ಮುಂದೆ ಮಧ್ಯವರ್ತಿಗಳಿಲ್ಲದೆ ಚಿಲ್ಲರೆ ವ್ಯಾಪಾರಿಗೆ ನೇರವಾಗಿ ಮಾರತಕ್ಕದ್ದು, ಆತನು ಬೆಲೆಪಟ್ಟಿಯಲ್ಲಿ ಮುದ್ರಿತವಾದ ಬೆಲೆಗೇ ಹೆಚ್ಚು ಕಡಿಮೆಯಿಲ್ಲದೆ ಮಾರತಕ್ಕದ್ದು ಎಂದು ಸ್ಪಾಲ್ಡಿಂಗರು ಗೊತ್ತುಪಡಿಸಿದರು. ಚೌಕಾಶಿ ಬಲ್ಲವನಿಗೆ ಒಂದು ಬೆಲೆ, ಬಾಯಿಲ್ಲದವನಿಗೆ ಒಂದು ಬೆಲೆ ಎಂಬ ಅನ್ಯಾಯ ಇದರಿಂದ ನಿಂತಿತು. ಆದರೆ ಬೆಲೆಯನ್ನು ಕಟ್ಟುವ ಅಧಿಕಾರವೆಲ್ಲ ಒಬ್ಬನ ಕೈಗೆ ಬಂದಿತೆಂಬುದೂ ಇದರ ಫಲವೇ.

ಅಂಗಡಿಯ ಹೆಸರನ್ನು ಲೋಕಕ್ಕೆ ಸಾರುವುದಕ್ಕಾಗಿಯೂ ಆಟವನ್ನು ಹರಡುವುದಕ್ಕಾಗಿಯೂ 1888ರ ಅಕ್ಟೋಬರಿನಲ್ಲಿ ಸ್ಪಾಲ್ಡಿಂಗ್ ಎರಡು ತಂಡಗಳನ್ನು ಕಟ್ಟಿಕೊಂಡು ಭೂಪ್ರದಕ್ಷಿಣೆಗೆ ಹೊರಟನು. ಹೊನೊಲುಲುವಿನಲ್ಲಿ ಹಡಗು ಮುಟ್ಟಿದ ದಿನ ಭಾನುವಾರವಾದುದರಿಂದ ಅಲ್ಲಿನ ಕಾಯಿದೆಯಂತೆ ಆಟ ನಡೆಯಲಿಲ್ಲ; ರಾಜನಾದ ಕಲಾಕವನ ಔತಣ ಮಾತ್ರ ನಡೆಯಿತು. ಆಕ್ಲೆಂಡ್, ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಆಡಿ, ಕೊಲಂಬೋವಿನಲ್ಲಿ ಇಳಿದು, ನಮ್ಮ ದೇಶದ ಬಾಗಿಲವರೆಗೆ ಬಂದು ಮುಂದೆ ಸಾಗಿದ ಆ ತಂಡಗಳು 1889ರ ಫೆಬ್ರವರಿ 9ರಂದು ಈಜಿಪ್ಟಿನ ಪಿರಮಿಡ್ಡುಗಳ ಬುಡದ ಮರಳಿನಲ್ಲಿ ಆಡಿದವು. ರೋಮಿನ ಪ್ರಾಚೀನ ರಂಗಭೂಮಿಯಾದ ಕೊಲೋಸಿಯಮ್ಮಿನಲ್ಲಿ ಆಡಲು ಅನುಮತಿ ಬೇಡಿದಾಗ ಅಲ್ಲಿನವರು ನಿರಾಕರಿಸಿದರು. ಆಟವು ಬೊರ್ಗೇಸೆ ಉದ್ಯಾನದಲ್ಲಿ ನಡೆಯಿತು. ಪ್ಯಾರಿಸ್, ಲಂಡನ್‌ಗಳನ್ನು ಮುಗಿಸಿ ಏಪ್ರಿಲಿನಲ್ಲಿ ನ್ಯೂಯಾರ್ಕಿಗೆ ಮರಳಿದವರಿಗೆ ಡೆಲ್ಮೊನಿಕೊ ಭೋಜನಶಾಲೆಯಲ್ಲಿ ನಡೆದ ಸತ್ಕಾರದಲ್ಲಿ ಮಾರ್ಕ್ ಟ್ವೇನನೂ ಥಿಯೊಡೋರ್ ರೂಸ್‌ವೆಲ್ಟನೂ ಉಪಸ್ಥಿತರಿದ್ದರು. ಹೋದ ದೇಶಗಳಲ್ಲಿ ಆಟ ಬೇರೂರಿದುದು ಅಲ್ಪವೇ. ಅಂಗಡಿಯ ಹೆಸರು ಮಾತ್ರ ಎಲ್ಲೆಡೆ ಪರಿಚಿತವಾಯಿತು.

ಆದರೆ ಇದೇ ಕಾಲದಲ್ಲಿ ಸ್ವದೇಶದ ಆಟಗಾರರ ಅಸಮಾಧಾನ ಕುದಿಯುತ್ತಿತ್ತು. ಆಟಗಾರನು ಒಂದು ತಂಡಕ್ಕೆ ಸಹಿ ಹಾಕಿದ ಮೇಲೆ ಒಡೆಯರ ಒಪ್ಪಿಗೆಯಿಲ್ಲದೆ ಮತ್ತೊಂದಕ್ಕೆ ಹೋಗಲಾಗದೆಂಬ ಕಟ್ಟಳೆಯಿಂದ ಅವರ ಸ್ವಾತಂತ್ರ್ಯ ಕುಗ್ಗಿತ್ತು. ಜಾನ್ ಮಾಂಟ್‌ಗೊಮರಿ ವಾರ್ಡನ ಮುಂದಾಳುತನದಲ್ಲಿ ಅವರು ಕಟ್ಟಿಕೊಂಡ ಸಂಘ 1890ರಲ್ಲಿ ತನ್ನದೇ ಆದ ಲೀಗನ್ನು ಆರಂಭಿಸಿತು. ಹಿಂದೆ ತಾನೇ ಕೂಲಿಯ ಆಟಗಾರನಾಗಿದ್ದ ಸ್ಪಾಲ್ಡಿಂಗ್ ಈಗ ಒಡೆಯರ ಪಕ್ಷದ ಸೇನಾನಿಯಾಗಿ ನಿಂತು, ಹಣದಿಂದಲೂ ಪ್ರಚಾರದಿಂದಲೂ ಸಂಧಾನದ ಚಾತುರ್ಯದಿಂದಲೂ ಆ ಲೀಗನ್ನು ಒಂದೇ ವರ್ಷದಲ್ಲಿ ಮುರಿದನು. ಆಟಗಾರರ ಲೀಗಿಗೆ ಚೆಂಡನ್ನು ಒದಗಿಸುತ್ತಿದ್ದುದು ಟಿಮ್ ಕೀಫ್ ಎಂಬ ಇನ್ನೊಬ್ಬ ಶ್ರೇಷ್ಠ ಪಿಚರನ ಅಂಗಡಿ. ಲೀಗಿನೊಡನೆ ಅದೂ ಕುಸಿಯಿತು. ಚೆಂಡೆಸೆದು ಹೆಸರು ಮಾಡಿ ಚೆಂಡು ಮಾರಲು ಹೊರಟ ಇಬ್ಬರಲ್ಲಿ ಒಬ್ಬನು ಸಾಮ್ರಾಜ್ಯ ಕಟ್ಟಿದನು, ಇನ್ನೊಬ್ಬನು ಮುಳುಗಿದನು. ಇಬ್ಬರ ಅಂತರಕ್ಕೆ ಸರಕಿನ ಗುಣವೊಂದೇ ಕಾರಣವೆನ್ನಲು ನನ್ನ ಮನಸ್ಸು ಒಪ್ಪದು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಸ್ಪಾಲ್ಡಿಂಗರ ಅಂಗಡಿ ಕರಿಯ ಜನರ ಹಣವನ್ನೂ ಬಿಳಿಯರ ಹಣದಂತೆಯೇ ಎಣಿಸಿಕೊಂಡಿರಬೇಕು. ರಾಷ್ಟ್ರದ ಆಟವೆಂದು ಅದು ಸಾರಿದ ಆಟದ ಪ್ರಧಾನ ಲೀಗುಗಳಲ್ಲಿ ಮಾತ್ರ ಹತ್ತೊಂಬತ್ತನೆಯ ಶತಮಾನದ ಕಡೆಯಿಂದ 1947ರಲ್ಲಿ ಜ್ಯಾಕಿ ರಾಬಿನ್‌ಸನ್ ಕಾಲಿಡುವವರೆಗೆ ಕರಿಯ ಆಟಗಾರನಿಗೆ ಪ್ರವೇಶವಿರಲಿಲ್ಲ. ಚೆಂಡಿನ ತೂಕದಲ್ಲಿ ಕಾಲು ಔನ್ಸಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸದ ವ್ಯವಸ್ಥೆಯು ಮನುಷ್ಯನನ್ನು ತೂಗುವಲ್ಲಿ ಇಷ್ಟು ದೊಡ್ಡ ಅನ್ಯಾಯವನ್ನು ಅಷ್ಟು ದೀರ್ಘಕಾಲ ಸಹಿಸಿತೆಂಬುದು ದುಃಖದ ಸಂಗತಿ.

ಎಲ್ಲ ಸಾಹಸಗಳೂ ಫಲಿಸಲಿಲ್ಲ. 1899ರಲ್ಲಿ ಸೈಕಲ್ ತಯಾರಕರನ್ನೆಲ್ಲ ಒಂದುಗೂಡಿಸಲು ಕಟ್ಟಿದ ಮಹಾಸಂಸ್ಥೆ ಬೇಗನೆ ಬಿದ್ದುಹೋಯಿತು. ಬ್ರಿಟಿಷ್ ಗಾಲ್ಫ್ ವೀರ ಹ್ಯಾರಿ ವಾರ್ಡನನನ್ನು 1900ರಲ್ಲಿ ಕರೆಸಿ ಆತನ ಹೆಸರಿನಲ್ಲಿ ಮಾರಿದ ಗಾಲ್ಫ್ ಚೆಂಡು, ನೂಲಿನಂತೆ ರಬ್ಬರನ್ನು ಸುತ್ತಿ ಮಾಡಿದ ಹೊಸಬಗೆಯ ಚೆಂಡಿನೆದುರು ನಿಲ್ಲಲಿಲ್ಲ. ಸಫಲವಾದ ಒಂದು ಕಾರ್ಯದ ಸಂಬಂಧ ಮಾತ್ರ ನಮ್ಮ ನಾಡಿನವರೆಗೂ ಬಂದಿದೆ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಕಟ್ಟಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದಾಗ, ಆಡಲು ಬಳಸಿದುದು ಫುಟ್‌ಬಾಲನ್ನು. ಆ ಆಟಕ್ಕೆಂದೇ ತಕ್ಕ ಚೆಂಡು 1894ರಲ್ಲಿ ನೆರೆಯೂರಾದ ಚಿಕೊಪೀಯ ಸ್ಪಾಲ್ಡಿಂಗ್ ಕಾರ್ಖಾನೆಯಿಂದ ಬಂದಿತು. ಮರುವರ್ಷ ಹೋಲಿಯೋಕಿನಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲನ್ನು ಕಂಡುಹಿಡಿದಾಗ, ಬ್ಯಾಸ್ಕೆಟ್‌ಬಾಲ್ ಭಾರವೆನಿಸಿ, ಅದರ ಒಳಗಣ ಚೀಲ ಹಗುರವೆನಿಸಿ, ಸರಿಯಾದ ಚೆಂಡಿಗಾಗಿ ಅವನೂ ಅದೇ ಕಾರ್ಖಾನೆಯ ಬಾಗಿಲಿಗೆ ಹೋದನು. ಈ ಎರಡು ಆಟಗಳನ್ನು ವೈ.ಎಂ.ಸಿ.ಎ. ಸಂಸ್ಥೆಯವರು ಭಾರತಕ್ಕೆ ತಂದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣಶಾಲೆಯಿಂದ ಹೊರಟ ಉಪಾಧ್ಯಾಯರ ಮೂಲಕ ಇವು ದಕ್ಷಿಣದ ಶಾಲೆಗಳ ಅಂಗಳಗಳಿಗೆ ಇಳಿದವು. ಇಂದು ಕನ್ನಡ ನಾಡಿನ ಹಳ್ಳಿಯ ಬಯಲಿನಲ್ಲಿ ಎರಡು ಕಂಬಗಳ ನಡುವೆ ಬಲೆ ಕಟ್ಟಿ ವಾಲಿಬಾಲ್ ಆಡುವ ಯುವಕರು ಸ್ಪಾಲ್ಡಿಂಗನ ಹೆಸರನ್ನು ಕೇಳಿರಲಾರರು. ಅವರ ಆಟದ ಮೊದಲ ಚೆಂಡಿನ ಅಳತೆ ಮಾತ್ರ ಆತನ ಕಾರ್ಖಾನೆಯಲ್ಲಿ ರೂಪುಗೊಂಡದ್ದು.

ಆಟದ ಸಾಮಗ್ರಿಯನ್ನೂ ಶಾಸನವನ್ನೂ ವಶಮಾಡಿಕೊಂಡ ಸ್ಪಾಲ್ಡಿಂಗ್ ಕಡೆಗೆ ಅದರ ಉಗಮಕ್ಕೂ ಕೈಯಿಟ್ಟನು. ಬೇಸ್‌ಬಾಲ್ ಆಂಗ್ಲರ ರೌಂಡರ್ಸ್ ಎಂಬ ಹಳೆಯ ಆಟದಿಂದ ಹುಟ್ಟಿತೆಂದು ಚ್ಯಾಡ್‌ವಿಕ್ ಬರೆದುದು ಆತನ ದೇಶಾಭಿಮಾನಕ್ಕೆ ಸಮ್ಮತವಾಗಲಿಲ್ಲ. 1905ರಲ್ಲಿ ಆತನ ಪ್ರೇರಣೆಯಿಂದ ರಚಿತವಾದ ಮಿಲ್ಸ್ ಸಮಿತಿಗೆ ಕಾರ್ಯದರ್ಶಿಯಾದವನು ಸ್ಪಾಲ್ಡಿಂಗರ ಪ್ರಕಾಶನಸಂಸ್ಥೆಯ ಮುಖ್ಯಸ್ಥನಾದ ಜೇಮ್ಸ್ ಸಲಿವನ್. ಆಬ್ನರ್ ಗ್ರೇವ್ಸ್ ಎಂಬ ಮುದುಕನು ಬಾಲ್ಯದ ನೆನಪಿನಿಂದ ಬರೆದ ಕಾಗದವನ್ನು ಆಧಾರವಾಗಿಟ್ಟುಕೊಂಡು, 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಈ ಆಟವನ್ನು ಕಲ್ಪಿಸಿದನೆಂದು 1907ರ ಕಡೆಯಲ್ಲಿ ಸಮಿತಿಯು ನಿರ್ಣಯಿಸಿತು. ಅಂತರ್ಯುದ್ಧದಲ್ಲಿ ಸೇನಾಪತಿಯಾಗಿ ಹೆಸರು ಮಾಡಿದ ಡಬಲ್‌ಡೇ ಆ ಕಾಲದಲ್ಲಿ ವೆಸ್ಟ್ ಪಾಯಿಂಟ್ ಸೈನಿಕಶಾಲೆಯ ವಿದ್ಯಾರ್ಥಿ. ಬದುಕಿರುವವರೆಗೆ ಅಂಥ ಕೀರ್ತಿಯನ್ನು ತನ್ನದೆಂದು ಹೇಳಿಕೊಂಡವನಲ್ಲ. ಆದರೂ ಆ ನಿರ್ಣಯ ಸ್ಪಾಲ್ಡಿಂಗ್ ಕೈಪಿಡಿಯಲ್ಲಿ ಅಚ್ಚಾಗಿ ಅಂಗಡಿ ಅಂಗಡಿಗೂ ಹೋದುದರಿಂದ ಜನ ಅದನ್ನು ನಂಬಿದರು. ಬೇಸ್‌ಬಾಲಿನ ಕೀರ್ತಿಮಂದಿರ 1939ರಲ್ಲಿ ಕೂಪರ್ಸ್‌ಟೌನಿನಲ್ಲಿಯೇ ತೆರೆಯಿತು. ಸ್ಪಾಲ್ಡಿಂಗನ ಹೆಸರೂ ಅದೇ ವರ್ಷ ಅಲ್ಲಿ ಸೇರಿತು. ವಿದ್ವಾಂಸರು ಈ ಕಥೆಯನ್ನು ತಿರಸ್ಕರಿಸಿ ಬಹುಕಾಲವಾಯಿತು. ನಿಷ್ಪಕ್ಷವಾದ ಸಂಶೋಧನೆಯಿಂದ ಬರಬೇಕಾದ ಚರಿತ್ರೆಯು, ದಾಂಡು ಚೆಂಡುಗಳು ಬಂದ ದಾರಿಯಲ್ಲಿಯೇ, ಅದೇ ಮುದ್ರೆಯನ್ನು ಹೊತ್ತು ಬಂದಾಗ ಹೀಗಾಗುವುದು ಸಹಜ.

ವೃದ್ಧಾಪ್ಯದಲ್ಲಿ ಆತನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೋ ಬಳಿಯ ಪಾಯಿಂಟ್ ಲೋಮಾದಲ್ಲಿ ನೆಲಸಿದನು. ಅದು ಕ್ಯಾಥರೀನ್ ಟಿಂಗ್ಲಿಯ ಥಿಯೊಸಾಫಿಕಲ್ ಆಶ್ರಮವಿದ್ದ ಸ್ಥಳ. ನಮ್ಮ ಅಡಯಾರಿನ ಸಂಸ್ಥೆಯೊಡನೆ ಒಂದೇ ಮೂಲದಿಂದ ಹುಟ್ಟಿ ಬೇರೆಯಾಗಿ ಹರಿದ ಶಾಖೆ. ಆತನ ಎರಡನೆಯ ಪತ್ನಿ ಎಲಿಜಬೆತ್ ಆ ಮತದಲ್ಲಿ ನಿಷ್ಠೆಯುಳ್ಳವಳು. 1910ರಲ್ಲಿ ಸೆನೆಟ್ ಸದಸ್ಯತ್ವಕ್ಕೆ ಸ್ಪರ್ಧಿಸಿ ಸೋತು, 1911ರಲ್ಲಿ ಆಟದ ಚರಿತ್ರೆಯನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿ, 1915ರ ಸೆಪ್ಟೆಂಬರ್ 9ರಂದು ಅಲ್ಲಿಯೇ ಕಾಲವಾದನು. ಆ ಬಳಿಕದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಸಂಸ್ಥೆ ಬಹುಕಾಲ ಬಾಳಿತು. 1955ರಲ್ಲಿ ರಾಲಿಂಗ್ಸ್ ಎಂಬ ಪ್ರತಿಸ್ಪರ್ಧಿಯನ್ನು ಕೊಂಡಾಗ, ಸ್ಪರ್ಧೆಯನ್ನು ಅಳಿಸುವ ಈ ಕ್ರಯ ಸಲ್ಲದೆಂದು ಸರ್ಕಾರದ ವಾಣಿಜ್ಯ ಆಯೋಗ ಬಿಡಿಸಿತು. 1970ರ ದಶಕದಲ್ಲಿ ಚೆಂಡಿನ ಹೊಲಿಗೆ ಅಗ್ಗದ ಕೂಲಿಯನ್ನರಸಿ ಹೈತಿ ದೇಶಕ್ಕೆ ಹೋಯಿತು. 1977ರಿಂದ ಪ್ರಧಾನ ಲೀಗುಗಳ ಚೆಂಡು ಆ ರಾಲಿಂಗ್ಸ್ ಸಂಸ್ಥೆಯದೇ ಆಯಿತು. ಅಂಗಡಿಗಳು ಒಂದೊಂದಾಗಿ ಬೀದಿಗಳಿಂದ ಮರೆಯಾದವು. ಒಡೆತನ ಕೈಯಿಂದ ಕೈಗೆ ಹೋಗಿ, ಬ್ಯಾಸ್ಕೆಟ್‌ಬಾಲಿನ ಮೇಲೆ ಹೆಸರು ಉಳಿದಿದೆ.

ಈ ದೀರ್ಘ ವೃತ್ತಾಂತವನ್ನು ಒಟ್ಟಾಗಿ ತೂಗಿ ನೋಡುವಾಗ ಸ್ಪಾಲ್ಡಿಂಗನಿಗೆ ಸಲ್ಲಬೇಕಾದ ಗೌರವವನ್ನು ಕೃಪಣತೆಯಿಲ್ಲದೆ ಸಲ್ಲಿಸಬೇಕು. ಡೆನ್ವರಿನ ಹುಡುಗನೂ ಬಾಸ್ಟನ್ನಿನ ವೃತ್ತಿಗಾರನೂ ಒಂದೇ ತೂಕದ ಚೆಂಡಿನಿಂದ, ಒಂದೇ ನಿಯಮದಿಂದ, ಒಂದೇ ಬೆಲೆ ಕೊಟ್ಟು ಆಡುವಂತಾದುದು ಆತನ ಅಂಗಡಿಗಳಿಂದ. ಬಯಲಿನಲ್ಲಿ ಗೆಲ್ಲತಕ್ಕದ್ದು ಆಡುವವನ ಶಕ್ತಿಯೇ ಹೊರತು ಆತನ ಚೀಲದಲ್ಲಿರುವ ಚೆಂಡಲ್ಲ ಎಂಬ ತತ್ತ್ವವನ್ನು ಉಪದೇಶದಿಂದ ಸ್ಥಾಪಿಸಲಾಗದು. ಸರಿಯಾಗಿ ತೂಗಿ ಹೊಲಿದ ಚೆಂಡುಗಳಿಂದ ಸ್ಥಾಪಿಸಬಹುದು. ಅದನ್ನು ಆತನು ಮಾಡಿದನು. ಆದರೆ ಚೆಂಡನ್ನು ತಯಾರಿಸುವವನು, ಲೀಗನ್ನು ನಡೆಸುವವನು, ಆಟಗಾರನ ಸಂಬಳವನ್ನು ಗೊತ್ತುಮಾಡುವವನು, ನಿಯಮವನ್ನು ಅಚ್ಚು ಹಾಕುವವನು, ಚರಿತ್ರೆಯನ್ನು ಬರೆಯಿಸುವವನು, ಇವರೆಲ್ಲ ಒಬ್ಬನೇ ಆದಾಗ ಆ ಸಮತೆಯನ್ನು ಕಾಯುವವರು ಯಾರೂ ಉಳಿಯುವುದಿಲ್ಲ. ಕ್ರೀಡೆಯ ವ್ಯಾಪಾರವು ಆತನ ಕಾಲಕ್ಕಿಂತ ಸಾವಿರಪಾಲು ಬೆಳೆದು, ತಂಡಗಳೂ ಪ್ರಸಾರವೂ ಪಂದ್ಯಾವಳಿಗಳೂ ಕೆಲವೇ ಕೈಗಳಲ್ಲಿ ಸೇರುತ್ತಿರುವ ಈ ದಿನಗಳಲ್ಲಿ ನಾವು ಬೇಡಬೇಕಾದುದು ಇದನ್ನೇ: ವರ್ತಕನು ಒಳ್ಳೆಯ ಸರಕನ್ನು ನ್ಯಾಯವಾದ ಬೆಲೆಗೆ ಕೊಟ್ಟು ಲಾಭ ಪಡೆಯಲಿ, ಅದು ಆತನ ಹಕ್ಕು, ನಿಯಮವನ್ನು ಅದರಿಂದ ಲಾಭವಿಲ್ಲದವರು ಕಾಯಲಿ, ಚರಿತ್ರೆಯನ್ನು ಸತ್ಯಕ್ಕೆ ಬದ್ಧರಾದವರು ಬರೆಯಲಿ, ಆಡುವ ಹಕ್ಕು ಮಾತ್ರ ಯಾರಿಗೂ ನಿಷಿದ್ಧವಾಗದಿರಲಿ.